ಎದುರು ಕೂತ ಅರ್ಥಧಾರಿ

ಪ್ರಿಯ ಓದುಗರೇ,

ಈ ಸಂಚಿಕೆಗೆ ರಾಜ್ಯೋತ್ಸವದ ಬಗ್ಗೆ ಬರೆಯಬೇಕು ಅಂತ ಕೂತಿದ್ದೆ. ಆದರೆ ಊರಿಂದ ಬಂದು ಮೂರು ವಾರವಾದರೂ ತಲೆಯಲ್ಲಿ ತಿರುಗುತ್ತಿರುವುದು ಒಬ್ಬ ರ‍್ಯಾಪ್ ಹಾಡುಗಾರ. ನನಗೆ ಆತನ ಪರಿಚಯ ಆದದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ, ಅಕ್ಕನ ಮಗನಿಂದ.

ಅಂದು ಮನೆಯಲ್ಲಿ ಪೂಜೆ. ಊಟದ ಪಂಕ್ತಿಗೆ ಹೋಳಿಗೆ ಬಂತು, ಹಿಂದೆಯೇ ಕಾಯಿಹಾಲು. ಅಳಿಯ ಎಲೆಗೆ ಕೈ ಅಡ್ಡ ಹಿಡಿದ. "ಒಂದು ಹಾಕಿಸಿಕೊಳ್ಳಾ ಮಾರಾಯ, ಈ ಪ್ರಾಯದಲ್ಲಿ ಎಂತದ್ದು ಡಯಟ್?" ಅಂದರು ಬಡಿಸುವವರು. ಅವನು ನಕ್ಕು ಸುಮ್ಮನಾದ. ಊಟಕ್ಕೆ ಮೊದಲು ಅವನು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು ಬಂದದ್ದು ಮನೆಯ ನಾಲ್ಕು ಜನಕ್ಕೆ ಮಾತ್ರ ಗೊತ್ತು.

ಹದಿನಾರರ ಹುಡುಗ. ಟೈಪ್ 1 ಶುಗರ್. ಸಿಹಿ ಜಾಸ್ತಿ ತಿಂದು ಬಂದದ್ದಲ್ಲ ಇದು. ಮೈಯ ರಕ್ಷಣಾ ಪಡೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಆಮೇಲೆ ಬದುಕಿಡೀ ಸೂಜಿ. "ಹೊರಗೆ ಯಾರಿಗೂ ಹೇಳಬೇಡ" ಅನ್ನುತ್ತಾಳೆ ಅಕ್ಕ. ಶಾಲೆಯಲ್ಲೂ ಒಬ್ಬರು ಅದೇ ಬುದ್ಧಿ ಹೇಳಿದರಂತೆ.

ಸಂಜೆ ಜಗಲಿಯಲ್ಲಿ ಕೂತಿದ್ದೆ. ಅಂಗಳದಲ್ಲಿ ಹರಡಿದ್ದ ಅಡಿಕೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಅಳಿಯ ಬಂದು ಇಯರ್‌ಫೋನ್ ಕೊಟ್ಟ. "ಮಾವ, ಇದನ್ನೊಮ್ಮೆ ಕೇಳಿ. ಇವನಿಗೂ ನನ್ನದೇ ಕಾಯಿಲೆ."

ಆತ ಫೈಫ್ ಡಾಗ್. ಮನೆಯವರಿಟ್ಟ ಹೆಸರು ಮಲಿಕ್ ಟೇಲರ್. 1970ರಲ್ಲಿ ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಹುಟ್ಟಿದವನು. ಮನೆಯವರ ಮೂಲ ಟ್ರಿನಿಡಾಡ್, ತಾಯಿ ಶೆರಿಲ್ ಬಾಯ್ಸ್-ಟೇಲರ್ ಕವಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ತಂಡದಲ್ಲಿ ಬಾಲ್ಯದ ಗೆಳೆಯ ಕ್ಯೂ-ಟಿಪ್ ಮುಂದೆ, ಈತ ಪಕ್ಕದಲ್ಲಿ. 1990ರ ಮೊದಲ ಆಲ್ಬಮಿನಲ್ಲಿ ಈತನ ದನಿ ಕೇಳುವುದೇ ಕಡಿಮೆ. ಅದೇ ವರ್ಷ ಶುಗರ್ ಇದೆ ಅಂತ ಗೊತ್ತಾಯಿತು. ಮರುವರ್ಷದ ಎರಡನೇ ಆಲ್ಬಮಿನಲ್ಲಿ ಐದಡಿ ಮೂರಿಂಚಿನ ಈ ಆಳು ಎದ್ದು ನಿಂತ. ಆದರೂ ದೊಡ್ಡ ರ‍್ಯಾಪರ್‌ಗಳ ಹೆಸರು ಹೇಳುವಾಗ ಈತ ಎಷ್ಟೋ ಜನಕ್ಕೆ ನೆನಪಾಗುವುದೇ ಇಲ್ಲ.

ನನಗೆ ಆ ಇಂಗ್ಲಿಷ್ ಪೂರ್ತಿ ಹಿಡಿಯಲಿಲ್ಲ. ಆದರೆ ಇಬ್ಬರ ನಡುವೆ ಮಾತು ಓಡಾಡುವ ರೀತಿ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ತಾಳಮದ್ದಳೆ ಅಂದರೆ ಕೂತು ಆಡುವ ಯಕ್ಷಗಾನ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಆಚೆ ಈಚೆ ಕೂತ ಅರ್ಥಧಾರಿಗಳು ಅಲ್ಲೇ ಮಾತು ಹೊಸೆಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರಿಗೆ ಗೊತ್ತು, ವಾಲಿ ಗಟ್ಟಿಯಾಗಿ ಕೇಳಿದರೆ ಮಾತ್ರ ರಾಮನ ಉತ್ತರಕ್ಕೆ ತೂಕ ಬರುತ್ತದೆ. ಫೈಫ್ ಎದುರು ಕೂತ ಆ ಅರ್ಥಧಾರಿ. ಕ್ಯೂ-ಟಿಪ್ ತೇಲುವ ದನಿಯಲ್ಲಿ ಬಿಟ್ಟ ಮಾತನ್ನು ಈತ ಒರಟು ಗಂಟಲಲ್ಲಿ ಹಿಡಿದು ವಾಪಸ್ ಎಸೆಯುತ್ತಾನೆ. ನಡುನಡುವೆ ಟ್ರಿನಿಡಾಡಿನ ಮನೆಮಾತು ನುಸುಳುತ್ತದೆ, ನಮ್ಮ ಕನ್ನಡದಲ್ಲಿ ತುಳು, ಮಲಯಾಳ ನುಸುಳಿದ ಹಾಗೆ.

1993ರಲ್ಲಿ ಆತ ಒಂದು ಹಾಡಿನಲ್ಲಿ ತಾನು ಡಯಾಬಿಟಿಸ್ ಇರುವವನು ಅಂತ ಜಂಬದಿಂದಲೇ ಹೇಳಿಕೊಂಡ. ಗಂಡಸುತನ ಮೆರೆಯುವ ಸಂಗೀತದಲ್ಲಿ, ಇಪ್ಪತ್ತೆರಡರ ಹುಡುಗ! ಅಳಿಯ ಆ ಒಂದು ಸಾಲನ್ನು ನನಗೆ ನಾಲ್ಕು ಸಲ ಹಾಕಿ ಕೇಳಿಸಿದ.

ಆತ ಕಾಯಿಲೆಯನ್ನು ಗೆದ್ದ ಅಂತ ನಾನು ಹೇಳಲಾರೆ. ಸಿಹಿಯ ಚಪಲ ಬಿಡಲಾಗಲಿಲ್ಲ ಅಂತ ತಂಡದ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಕಿಡ್ನಿ ಕೈಕೊಟ್ಟಿತು. 2008ರಲ್ಲಿ ಹೆಂಡತಿ ತನ್ನದೊಂದು ಕಿಡ್ನಿ ಕೊಟ್ಟಳು. ಗೆಳೆಯರ ನಡುವೆ ಜಗಳವಾಗಿ ವರ್ಷಗಟ್ಟಲೆ ಮಾತಿರಲಿಲ್ಲ, ಅದೂ ಸರಿಹೋಯಿತು. ಕೊನೆಯ ಆಲ್ಬಮಿಗೆ ಡಯಾಲಿಸಿಸ್ ನಡುವೆಯೇ ಹಾಡಿದ. 2016ರ ಮಾರ್ಚ್ 22ರಂದು ಹೋದ, 45 ವರ್ಷಕ್ಕೆ. ನವೆಂಬರಿನಲ್ಲಿ ಆ ಆಲ್ಬಮ್ ಬಂದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕ್ವೀನ್ಸಿನ ಒಂದು ಬೀದಿಗೆ ಈಗ ಆತನ ಹೆಸರಿದೆ. 2024ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವವೂ ಸಿಕ್ಕಿತು.

ನಮ್ಮಲ್ಲಿ ಕಾಯಿಲೆ ಮುಚ್ಚಿಡುವುದು ಮಕ್ಕಳ ಮೇಲಿನ ಪ್ರೀತಿಯಿಂದಲೇ. ನಾಳೆ ಮದುವೆಗೆ ತೊಂದರೆ ಆದೀತು ಅನ್ನುವ ಭಯ. ಅಕ್ಕನನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಕ್ಲಾಸಿನಲ್ಲಿ ಶುಗರ್ ಇಳಿದು ಕೈ ನಡುಗಿ, ಬೆವರು ಬಂದಾಗ, ಪಕ್ಕದ ಹುಡುಗನಿಗೆ ವಿಷಯ ಗೊತ್ತಿದ್ದರೆ ತಾನೇ ಅವನು ಕೂಡಲೇ ಗ್ಲೂಕೋಸ್ ಕೊಡುವುದು? ಇದನ್ನೇ ಅಕ್ಕನಿಗೂ ಹೇಳಿ ಬಂದೆ. ಅವಳು ಉತ್ತರ ಕೊಡಲಿಲ್ಲ.

ನಮ್ಮ ಸಂಘದ ದೀಪಾವಳಿ ಊಟದಲ್ಲಿ ಬಡಿಸುವವರಿಗೆ ನನ್ನದೊಂದು ವಿನಂತಿ. ಬೇಡ ಅಂದವರ ಎಲೆಗೆ ಒತ್ತಾಯ ಮಾಡಿ ಸಿಹಿ ಹಾಕಬೇಡಿ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿದ್ದರೆ, ಮೇಜಿನ ಹತ್ತಿರವೇ ಕೂತು ತೆಗೆದುಕೊಳ್ಳಲಿ. ಯಾರೂ ಬಚ್ಚಲು ಹುಡುಕಬೇಕಾಗಿಲ್ಲ.

ಮೊನ್ನೆ ಅಳಿಯ ಒಂದು ಆಡಿಯೋ ಕಳಿಸಿದ. ಅವನೇ ಬರೆದು ಹಾಡಿದ ರ‍್ಯಾಪ್, ಅರ್ಧ ಕನ್ನಡ, ಅರ್ಧ ತುಳು. ಇನ್ಸುಲಿನ್ ಅನ್ನುವ ಪದ ಮೂರು ಸಲ ಬರುತ್ತದೆ. ಕೊನೆಯಲ್ಲಿ ಅಡಿಗೆಮನೆಯಿಂದ ಅಕ್ಕನ ದನಿ: "ಸೂಜಿ ಹಾಕಿ ಆಯ್ತಾ? ಊಟಕ್ಕೆ ಬಾ." ಅದನ್ನು ಕತ್ತರಿಸಿ ತೆಗೆಯಲಾ ಅಂತ ಕೇಳಿದ್ದಕ್ಕೆ, ಇರಲಿ ಬಿಡು ಅಂದಳಂತೆ ಅಕ್ಕ.