ಮಂಟಪ ಮುಳುಗ್ತಾ?

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ನಮ್ಮ ಕನ್ನಡ ಸಂಘದ ಸಂಚಿಕೆ ಮುದ್ರಣಕ್ಕೆ ಹೋಗಬೇಕು, ಈ ಪುಟ ಮಾತ್ರ ಖಾಲಿ. ಹಾಗಾಗಿ ಭಾನುವಾರ ಲಂಡನ್ನಿನ ಪಟ್ನಿಯಲ್ಲಿ, ಥೇಮ್ಸ್ ನದಿದಂಡೆಯಲ್ಲಿ ಮಗಳು ಕೇಳಿದ್ದನ್ನೇ ಬರೆಯುತ್ತಿದ್ದೇನೆ.

"ಅಮ್ಮ, ನದಿ ಯಾಕೆ ವಾಪಸ್ ಹೋಗ್ತಿದೆ?"

ಸಮುದ್ರದ ಉಬ್ಬರ ಥೇಮ್ಸ್ ಒಳಗೆ ಪಟ್ನಿಗಿಂತ ಮೇಲಿರುವ ಟೆಡಿಂಗ್ಟನ್ ತನಕ ನುಗ್ಗುತ್ತದಲ್ವಾ, ಅದಕ್ಕೆ. ಆಕ್ಸ್‌ಫರ್ಡ್-ಕೇಂಬ್ರಿಡ್ಜ್ ದೋಣಿ ಪಂದ್ಯ 1845ರಲ್ಲಿ ಪಟ್ನಿಗೆ ಬಂತು. ಈಗಲೂ ಹುಡುಗರು ಉಬ್ಬರದ ನೀರಿನ ಜೊತೆಗೇ ಮಾರ್ಟ್‌ಲೇಕ್‌ವರೆಗೆ 6.8 ಕಿ.ಮೀ. ಹುಟ್ಟು ಹಾಕುತ್ತಾರೆ.

ಶಿವಮೊಗ್ಗದಲ್ಲಿ ನಮ್ಮ ತುಂಗೆ ಹೀಗೆ ಹಿಂದೆ ಮುಂದೆ ಮಾಡುತ್ತಿರಲಿಲ್ಲ. ಜುಲೈನಲ್ಲಿ ಮಳೆ ಹಿಡಿದರೆ ಬೀದಿಯಲ್ಲೆಲ್ಲ ಒಂದೇ ಪ್ರಶ್ನೆ: "ಮಂಟಪ ಮುಳುಗ್ತಾ?" ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಕಲ್ಲಿನ ಮಂಟಪ. ಅದು ಮುಳುಗಿದರೆ ಹೊಳೆ ತುಂಬಿದಂತೆ. ಒಂದು ವರ್ಷ ಅದರ ತುದಿಯಷ್ಟೇ ಕಾಣುತ್ತಿತ್ತು. ನನಗೆ ಶಾಲೆಗೆ ಹೊತ್ತಾಗಿತ್ತು. ಅಜ್ಜಿ ಕೊಡೆ ಹಿಡಿದು ನಿಂತವಳು ಕದಲಲಿಲ್ಲ. "ತಡಿಯೇ, ಇನ್ನೊಂದು ಗೇಣಿದೆ" ಅಂದಳು. ಆ ಗೇಣು ಮುಳುಗುವಷ್ಟರಲ್ಲಿ ನನ್ನ ಲಂಗವೂ ಚೀಲವೂ ತೊಪ್ಪೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಅರಿಶಿನ ಕುಂಕುಮ ನೀರಿಗೆ ಬಿಟ್ಟಳು. ಶಾಲೆಗೆ ಆಮೇಲೆ ಕಳಿಸಲೂ ಇಲ್ಲ.

ಪಟ್ನಿಯಲ್ಲಿ ಮುಳುಗುವುದು ಕಾರು. ದೊಡ್ಡ ಉಬ್ಬರದ ದಿನ ನೀರು ದಂಡೆಯ ರಸ್ತೆಗೇ ಹತ್ತುತ್ತದೆ. ಎಚ್ಚರಿಕೆ ಫಲಕ ಇದೆ. ಬಂದ ಹೊಸತರಲ್ಲಿ ನಾವು ಓದಲಿಲ್ಲ, ಅಷ್ಟೇ.

ಹಿಂದೆ ಇಲ್ಲಿ ದೋಣಿಯಲ್ಲೇ ಹೊಳೆ ದಾಟಬೇಕಿತ್ತು. 1729ರಲ್ಲಿ ಮರದ ಸೇತುವೆ ಬಂತು, ಸುಂಕ ಕೊಟ್ಟು ದಾಟಬೇಕು. ಈಗಿನ ಕಲ್ಲು ಸೇತುವೆ 1886ರದ್ದು. ಲಂಡನ್ನಿನ ಒಳಚರಂಡಿ ಕಟ್ಟಿಸಿದ ಬ್ಯಾಝಲ್ಗೆಟ್ಟೇ ಇದಕ್ಕೂ ಎಂಜಿನಿಯರು. ಅದರ ಪಕ್ಕದ ಸೇಂಟ್ ಮೇರಿ ಚರ್ಚಿನಲ್ಲಿ 1647ರಲ್ಲಿ ಸೈನಿಕರು ತಮ್ಮ ಸೇನಾನಾಯಕ ಕ್ರಾಮ್‌ವೆಲ್ ಎದುರಿಗೇ ವಾದಕ್ಕೆ ಕೂತಿದ್ದರು, ಆಸ್ತಿ ಇಲ್ಲದ ಬಡವನಿಗೂ ಓಟು ಬೇಕು ಅಂತ. ನಮ್ಮ ಸರ್ವಸದಸ್ಯರ ಸಭೆಗೆ ಹನ್ನೊಂದು ಜನ ಬಂದಿದ್ದರು. ಸುಮ್ನೆ ನೆನಪಾಯಿತು.

ಮರೆಯುವ ಮೊದಲು: ಯುಗಾದಿ ಊಟಕ್ಕೆ ಶುಕ್ರವಾರದೊಳಗೆ ಹೆಸರು ಕೊಡಿ. ಒಬ್ಬಟ್ಟು ತಟ್ಟುವವರು ಇಬ್ಬರೇ ಇದ್ದಾರೆ, ಇನ್ನೂ ನಾಲ್ವರು ಬೇಕು. ಮುಂದಿನ ಶನಿವಾರ ಮಕ್ಕಳ ಕನ್ನಡ ತರಗತಿ ಇಲ್ಲ, ಹಾಲ್ ಸಿಗಲಿಲ್ಲ. ದೋಣಿ ಪಂದ್ಯದ ದಿನ ಪಟ್ನಿ ಸೇತುವೆ ಹತ್ತಿರ ಸೇರೋಣ. ರೈಲಿನಲ್ಲೇ ಬನ್ನಿ, ಕಾರು ಬೇಡ.

ಇನ್ನೊಂದು ವಿಷಯ. ಆರು ವರ್ಷದಿಂದ ಪುಟ ಜೋಡಿಸಿಕೊಡುತ್ತಿದ್ದ ದಂಪತಿ ಈ ತಿಂಗಳು ಊರಿಗೆ ವಾಪಸ್ ಹೊರಟರು. ಕನ್ನಡ ಟೈಪಿಂಗ್ ಬರುವವರು ದಯವಿಟ್ಟು ಹೇಳಿ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ, ನಾನು ತಿದ್ದುತ್ತೇನೆ.