ಅಡಿಕೆ ಮರಕ್ಕಿರುವ ಸಾಲ, ವಿಮೆ ಮನೆಗೇಕಿಲ್ಲ?

ಮಾನ್ಯ ಸಂಪಾದಕರಿಗೆ,

ಹೊಸ ಮನೆ ಕಟ್ಟುವವರಿಗೆ ಯಾವ ಬ್ಯಾಂಕಿನ ಬಡ್ಡಿ ಎಷ್ಟು ಎಂಬ ಪಟ್ಟಿ ಪತ್ರಿಕೆಗಳ ಹಣಕಾಸು ಪುಟದಲ್ಲಿ ಆಗಾಗ ಬರುತ್ತದೆ. ಕಟ್ಟಿ ಅರವತ್ತು ವರ್ಷ ದಾಟಿದ ಮನೆಯನ್ನು ಮುಂದಿನ ಮಳೆಗಾಲಕ್ಕೆ ನಿಲ್ಲಿಸಿಕೊಳ್ಳಲು ದುಡ್ಡು ಎಲ್ಲಿಂದ ಹೊಂದಿಸಬೇಕು ಎಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವನು. 36 ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದೆ. ಮುಕ್ಕಾಲು ಎಕರೆ ಅಡಿಕೆ ತೋಟ, 1962ರಲ್ಲಿ ತಂದೆ ಕಟ್ಟಿಸಿದ ಹಂಚಿನ ಮನೆ, ತಿಂಗಳ ಪಿಂಚಣಿ, ಇಷ್ಟು ನನ್ನ ಬದುಕು.

ನಮ್ಮ ಕಡೆ ಮಾಡಿನ, ಅಂದರೆ ಮನೆಯ ಸೂರಿನ, ಕೆಲಸಕ್ಕೆ ಒಂದು ಲೆಕ್ಕವಿದೆ. ಮೇ ತಿಂಗಳ ನಡುವೆ ಭರಣಿ ಮಳೆ ಮುಗಿದು ಕೃತ್ತಿಕೆ ಹಿಡಿಯುವಷ್ಟರಲ್ಲಿ ಹಂಚು ಕೈಯಾಡಿಸಿ ಮುಗಿಸಿರಬೇಕು. ಹಂಚು ಒಂದೊಂದನ್ನೇ ತೆಗೆದು, ಹಾವಸೆ ಕೆರೆದು, ಬಿರುಕು ಬಿಟ್ಟಿದ್ದನ್ನು ಬೇರೆ ಮಾಡಿ, ಕೆಳಗಿನ ರೀಪು (ಹಂಚು ಕೂರುವ ಮರದ ಪಟ್ಟಿ) ಒರಲೆ ಹಿಡಿದಿದೆಯೇ ಎಂದು ತಟ್ಟಿ ನೋಡಿ, ಮತ್ತೆ ಜೋಡಿಸಬೇಕು. ಮಾಡಿನ ನೀರು ಹರಿಯುವ ದಂಬೆಯಲ್ಲಿ ತುಂಬಿದ ತರಗು ತೆಗೆಯಬೇಕು. ಗಾಳಿ ಬಡಿಯುವ ಪಡುವಣ ಗೋಡೆಗೆ ಸೋಗೆ ತಟ್ಟಿ ಕಟ್ಟಬೇಕು. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಯಬೇಕು, ಇಲ್ಲವಾದರೆ ಅದೇ ಮಂಗಗಳ ಸೇತುವೆ. ನನ್ನ ಮನೆಯ ಮೇಲೆ ಸುಮಾರು 2,600 ಹಂಚುಗಳಿವೆ. ನಾಲ್ಕು ಜನಕ್ಕೆ ಮೂರು ದಿನದ ಕೆಲಸ. ಕೂಲಿ, ಊಟ, ಬದಲಿ ಹಂಚು, ಮರಕ್ಕೆ ಬಳಿಯುವ ಗೇರೆಣ್ಣೆ ಎಲ್ಲ ಸೇರಿ ಎರಡು ವರ್ಷದ ಹಿಂದೆ 22,400 ರೂಪಾಯಿ ಆಗಿತ್ತು.

ಹಂಚು ಸಿಗುವುದೂ ಈಗ ಸುಲಭವಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮ ಈಗ ಬಹುಪಾಲು ಬಾಗಿಲು ಹಾಕಿದೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಪಕ್ಕದಲ್ಲಿ ಸರಿಯಾಗಿ ಕೂರುವುದಿಲ್ಲ. ಎಳೆಯಷ್ಟು ಸಂದು ಬಿಟ್ಟರೂ ನಮ್ಮ ಮಳೆಗೆ ಅದು ಸಾಕು. ಹಾಗಾಗಿ ಎಲ್ಲಾದರೂ ಹಳೆಯ ಮನೆ ಕೆಡವುತ್ತಾರೆಂದು ತಿಳಿದರೆ ಸಾವಿನ ಮನೆಗೆ ಹೋದಂತೆ ಮುಖ ಮಾಡಿಕೊಂಡು ಹಂಚು ಕೇಳಲು ಹೋಗುತ್ತೇವೆ.

ಕಳೆದ ವರ್ಷ ನನ್ನ ಹೆಂಡತಿಯ ಮಂಡಿ ಶಸ್ತ್ರಚಿಕಿತ್ಸೆಯಾಯಿತು. ಕೈಯಲ್ಲಿದ್ದದ್ದು ಅಲ್ಲಿಗೆ ಹೋಯಿತು. ಒಂದು ವರ್ಷ ತಾನೇ, ಮಾಡು ತಡೆಯುತ್ತದೆ ಎಂದುಕೊಂಡು ಕೈಯಾಡಿಸುವುದನ್ನು ಬಿಟ್ಟೆ. ಜೂನ್‌ನಲ್ಲಿ ಅಡುಗೆಮನೆಯ ನಡುವೆ ತೊಟ್ಟಿಕ್ಕತೊಡಗಿತು. ಕೆಳಗೊಂದು ಬೋಗುಣಿ ಇಟ್ಟೆವು, ದಿನಕ್ಕೆ ಎರಡು ಸಲ ಚೆಲ್ಲಿದೆವು. ಸೋರಿಕೆಯನ್ನು ನಿಭಾಯಿಸಿದೆವು ಎಂದೇ ನಮ್ಮ ಭಾವನೆ.

ಜುಲೈನಲ್ಲಿ, ಪುನರ್ವಸು ಮಳೆಯ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಡುಗೆಮನೆಯ ಪಡುವಣ ಗೋಡೆ ಕುಳಿತುಬಿಟ್ಟಿತು. ‘ಬಿತ್ತು’ ಎಂದು ಬರೆಯುತ್ತಿಲ್ಲ. ಬಿದ್ದರೆ ಸದ್ದಾಗುತ್ತದೆ. ಇದು ಅಡಿಕೆ ಮೂಟೆಯನ್ನು ನೆಲಕ್ಕೆ ಇಳಿಸಿದ ಹಾಗೆ ಧೊಪ್ಪೆಂದು ಕುಸಿಯಿತು. ಆಮೇಲೆ ಹಂಚುಗಳು ಒಂದರ ಹಿಂದೆ ಒಂದು ಜಾರುವ ಸದ್ದು. ಬೋಗುಣಿ ಮಾತ್ರ ಇಟ್ಟಲ್ಲೇ ಇತ್ತು, ಅದರಲ್ಲಿ ಅರ್ಧದಷ್ಟು ನೀರೂ ಇತ್ತು. ಮಾರನೆಯ ದಿನ ಬಂದ ಮೇಸ್ತ್ರಿಯವರು ಉಳಿದ ಗೋಡೆಯ ಮೇಲಂಚಿಗೆ ಬೆರಳು ಒತ್ತಿದರು. ಎರಡನೇ ಗೆಣ್ಣಿನವರೆಗೂ ಒಳಗೆ ಹೋಯಿತು. ‘ನೆಲಕ್ಕೆ ತೊಟ್ಟಿಕ್ಕುವ ನೀರು ಸಾಧು ನೀರು. ಪಕಾಸಿನ ಮೈ ಹಿಡಿದು ಹರಿದು ಗೋಡೆಯ ನೆತ್ತಿಗೆ ಇಳಿಯುತ್ತದಲ್ಲ, ಅದು ಕಾಣುವುದೇ ಇಲ್ಲ’ ಎಂದರು. ಪಕಾಸು ಎಂದರೆ ಮಾಡನ್ನು ಹೊರುವ ಓರೆ ಮರ. ಅಲ್ಲೊಂದು ಹಂಚಿನ ಮೂತಿ ಮುರಿದಿತ್ತು. ಮಂಗನ ಕೆಲಸ. ಮುರಿದ ಚೂರು ನನ್ನ ಅಂಗೈಗಿಂತ ಚಿಕ್ಕದು.

ಮಣ್ಣಿನ ಗೋಡೆ ತೆಗೆದು ಜಂಬಿಟ್ಟಿಗೆಯಲ್ಲಿ ಕಟ್ಟಿಸಿ, ಆ ಭಾಗದ ಪಕಾಸು ಬದಲಿಸಿ, ಮಾಡು ಎಬ್ಬಿಸುವಷ್ಟರಲ್ಲಿ 1,86,000 ರೂಪಾಯಿ ಖರ್ಚಾಯಿತು. 22,400 ಉಳಿಸಲು ಹೋದವನ ಲೆಕ್ಕ ಇದು.

ಪರಿಹಾರದ ಮಾತು. ಅಧಿಕಾರಿಗಳು ಬೇಗನೆ ಬಂದರು, ಸೌಜನ್ಯದಿಂದಲೇ ಅಳತೆ ಮಾಡಿದರು. ಅವರ ಮೇಲೆ ನನ್ನ ದೂರಿಲ್ಲ. ವಿಪತ್ತು ಸ್ಪಂದನಾ ನಿಧಿಯ 2022ರಿಂದ 2026ರವರೆಗಿನ ನಿಯಮದ ಪ್ರಕಾರ ಭಾಗಶಃ ಹಾನಿಗೆ ನೆರವು ಸಿಗಲು ಮನೆ ಕನಿಷ್ಠ ಶೇ 15ರಷ್ಟು ಹಾಳಾಗಿರಬೇಕಿತ್ತು. ಸಿಕ್ಕಿದ್ದರೂ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನದನ್ನೂ ಸೇರಿಸಿದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ನನ್ನ ಮನೆಯ ಹಾನಿ ಶೇ 13 ಎಂದಾಯಿತು. ‘ಬಚ್ಚಲ ಗೋಡೆಗೂ ಒಂದು ಕೈ ಹಚ್ಚಿದ್ದರೆ ಆಗುತ್ತಿತ್ತು ಮಾರಾಯರೇ’ ಎಂದು ನೆರೆಮನೆಯವರು ತಮಾಷೆ ಮಾಡಿದರು. ತಮಾಷೆಯೇನೋ ಸರಿ, ಆದರೆ ಮನೆ ಚೆನ್ನಾಗಿ ಬಿದ್ದಷ್ಟೂ ನೆರವು ಹೆಚ್ಚು, ಬೀಳದಂತೆ ನೋಡಿಕೊಂಡವನಿಗೆ ಏನೂ ಇಲ್ಲ ಎಂಬುದೇ ಅದರ ತಿರುಳು.

ರಿಪೇರಿಗೆ ಸಾಲ ಕೇಳಲು ಬ್ಯಾಂಕೊಂದಕ್ಕೆ ಹೋದೆ. ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ಎಂಜಿನಿಯರ್ ಸಹಿಯ ಅಂದಾಜುಪಟ್ಟಿ, ಮನೆಯ ನಕ್ಷೆ ಕೇಳಿದರು. 1962ರಲ್ಲಿ ನಮ್ಮ ಮನೆಗೆ ನಕ್ಷೆ ಇದ್ದದ್ದು ಬಡಗಿಯ ತಲೆಯಲ್ಲಿ. ಖಾತೆ ಇನ್ನೂ ತಂದೆಯ ಹೆಸರಿನಲ್ಲಿದೆ; ಇಬ್ಬರು ತಮ್ಮಂದಿರ, ಒಬ್ಬಳು ತಂಗಿಯ ಸಹಿ ಆಗಬೇಕು. ಕೊನೆಗೆ ಅಲ್ಲಿಯ ಹುಡುಗನೇ ಮೆಲ್ಲಗೆ, ‘ಚಿನ್ನ ಇದೆಯಾ ಸರ್? ಅರ್ಧ ಗಂಟೆಯಲ್ಲಿ ಆಗುತ್ತದೆ’ ಎಂದ. ಹೆಂಡತಿ ಬಳೆ ಬಿಚ್ಚಿಕೊಟ್ಟಳು. ಅವು ಇನ್ನೂ ಅಡವಿನಲ್ಲಿವೆ.

ಈಗ ನಾನು ಹೇಳಬೇಕೆಂದದ್ದಕ್ಕೆ ಬರುತ್ತೇನೆ. ನನ್ನ ತೋಟದ ಅಡಿಕೆಗೆ ಮಳೆಗಾಲಕ್ಕೆ ಮೊದಲೇ ಎಲ್ಲ ಏರ್ಪಾಡು ಇದೆ. ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಪ್ರಯೋಜನವಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತು. ಸಹಕಾರ ಸಂಘದಲ್ಲಿ ಬೆಳೆ ಸಾಲ ಸಿಗುತ್ತದೆ. ಬಡ್ಡಿಯಿಲ್ಲದ ಈ ಅಲ್ಪಾವಧಿ ಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಹವಾಮಾನ ಆಧಾರಿತ ಬೆಳೆ ವಿಮೆಯೂ ಇದೆ, ರೈತನ ಪಾಲಿನ ಕಂತು ಶೇ 5. ಆದರೆ ಆ ಅಡಿಕೆಯನ್ನು ಸುಲಿದು, ಬೇಯಿಸಿ, ಮಳೆ ಬಂದಾಗ ಒಳಗೆ ಸುರಿದುಕೊಳ್ಳುವ ಮನೆಗೆ ಸಂಘದಲ್ಲಿ ಈ ಯಾವುದೂ ಸಿಗುವುದಿಲ್ಲ. ಅದೇ ಸಂಘ, ಅದೇ ಕೌಂಟರಿನಲ್ಲಿ ಪ್ರತಿ ಮಾರ್ಚ್‌ನಲ್ಲಿ 25 ಅಥವಾ 30 ಸಾವಿರ ರೂಪಾಯಿಯ ಮಾಡು ರಿಪೇರಿ ಸಾಲ ಕೊಡಲಿ. ಅಡಿಕೆ ಮಾರಿದಾಗ ತೀರಿಸುತ್ತೇವೆ. ಬಡ್ಡಿ ಬೇಡವೇ ಬೇಡ ಎಂದು ನಾನು ಹಟ ಹಿಡಿಯುವುದಿಲ್ಲ; ಬಳೆ ಬಿಚ್ಚಿಸದಿದ್ದರೆ ಸಾಕು. ತೋಟದ ಪಹಣಿ ಅವರ ಬಳಿ ಹೇಗೂ ಇರುತ್ತದೆ. ಜಿಲ್ಲಾ ಸಹಕಾರಿ ಬ್ಯಾಂಕ್‌ಗಳು, ಸಹಕಾರ ಇಲಾಖೆ ಇದನ್ನು ಯೋಚಿಸಲಿ.

ಮನೆಯ ವಿಮೆಯನ್ನೂ ಆ ಕೌಂಟರಿಗೇ ತರಬಹುದು. ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಒಂದೇ ರೀತಿಯ ನಿಯಮದಲ್ಲಿ ಕೊಡಬೇಕಾಗಿದೆ. ಬಿರುಗಾಳಿ, ನೆರೆ, ಸಿಡಿಲು, ಭೂಕುಸಿತ, ಮನೆಯ ಮೇಲೆ ಮರ ಬೀಳುವುದು ಎಲ್ಲವೂ ಅದರಲ್ಲಿ ಸೇರಿದೆ. ಜಾಗದ ಬೆಲೆಯನ್ನು ಹಿಡಿಯದೆ, ಮತ್ತೆ ಕಟ್ಟಲು ತಗಲುವ ಖರ್ಚಿನ ಮೇಲೆ ವಿಮೆ. 36 ವರ್ಷ ಅಂಚೆ ವಿಮೆ ಮಾರಿದ ನನಗೇ ಇದು ಗೊತ್ತಿರಲಿಲ್ಲ, ಗೋಡೆ ಹೋದ ಮೇಲೆ ತಿಳಿಯಿತು. ಮಾಡಿಸಿದ್ದೇನೆ, ವರ್ಷದ ಕಂತು ಮೇಸ್ತ್ರಿಯವರ ಒಂದು ದಿನದ ಕೂಲಿಗಿಂತ ಕಡಿಮೆ. ಆದರೆ ವಾರಗಟ್ಟಲೆ ಸೋರಿ ನೆನೆದ ಗೋಡೆಗೆ ಈ ವಿಮೆ ಆಗಿಬರುವುದಿಲ್ಲ. ಹಂಚು ಕೈಯಾಡಿಸುವುದಂತೂ ತಪ್ಪುವುದಿಲ್ಲ. ಆರೋಗ್ಯ ಮತ್ತು ಜೀವ ವಿಮೆಯ ವೈಯಕ್ತಿಕ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದವರು ಮನೆಯ ವಿಮೆಗೆ ಶೇ 18ನ್ನು ಹಾಗೆಯೇ ಉಳಿಸಿದ್ದಾರೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಊರಿನ ಎಷ್ಟೋ ಹೆಂಗಸರಿಗೆ, ತಿಂಗಳಿಗೆ ನೂರು ರೂಪಾಯಿಯಾದರೂ ಕಟ್ಟಿ ಎಂದು ಅಂಚೆ ಕಚೇರಿಯ ಆರ್.ಡಿ. (ತಿಂಗಳ ಕಂತಿನ ಠೇವಣಿ) ಮಾಡಿಸಿದವನು ನಾನು. ಮಗಳ ಮದುವೆಗೆ, ಮಗನ ಫೀಸಿಗೆ, ಹಸು ಕೊಳ್ಳಲು ಎಂದು ಅವರು ಕಟ್ಟಿದರು. ಮಾಡಿಗೆಂದು ಒಂದು ಪುಸ್ತಕ ತೆರೆಯಬೇಕೆಂದು ಅವರಿಗೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಳೆದ ಆಗಸ್ಟ್‌ನಲ್ಲಿ ತಿಂಗಳಿಗೆ 2,000ದಂತೆ ಒಂದು ಆರ್.ಡಿ. ಶುರು ಮಾಡಿದ್ದೇನೆ. ಹನ್ನೆರಡು ಕಂತು ಕಟ್ಟಿದ ಮೇಲೆ ಖಾತೆಯಲ್ಲಿರುವುದರ ಅರ್ಧದಷ್ಟು ಸಾಲ ಸಿಗುತ್ತದೆ. ಹಾಗಾಗಿ ಈ ವರ್ಷದ ಮಾಡಿಗೆ ಅದು ಒದಗುವುದಿಲ್ಲ. ಇಲಾಖೆ ಏಪ್ರಿಲ್‌ಗೆ ಮುಗಿಯುವ ಒಂದು ವರ್ಷದ ಆರ್.ಡಿ. ತಂದರೆ ಹಂಚಿನ ಮನೆಯವರು ಸಾಲಾಗಿ ನಿಲ್ಲುತ್ತಾರೆ.

ಸದ್ಯ ಒಂದು ಚೀಲ ಕೆಂಪಡಿಕೆ ಮಾರಿ ದುಡ್ಡು ಹೊಂದಿಸಿದ್ದೇನೆ. ಎಂಬತ್ತು ಹಳೆಯ ಹಂಚು ಸಿಕ್ಕಿ ಅಂಗಳದಲ್ಲಿ ಜೋಡಿಸಿಟ್ಟಿದೆ. ನಿನ್ನೆ ಸಂಜೆ ಆಗುಂಬೆಯ ಕಡೆ ಗುಡುಗಿತು. ಸೋಮವಾರ ಬರುತ್ತೇನೆಂದು ಮೇಸ್ತ್ರಿಯವರು ಹೇಳಿದ್ದಾರೆ. ಕಳೆದ ಸೋಮವಾರವೂ ಹಾಗೆಯೇ ಹೇಳಿದ್ದರು.

ಇಂತಿ,
ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್,
ತೀರ್ಥಹಳ್ಳಿ ತಾಲ್ಲೂಕು