ಓಲೆಗರಿ ಇದ್ದರೆ ಸಾಲದು, ಓದೋ ಮಕ್ಕಳೂ ಬೇಕು

ಬಂಧುಗಳೇ, ನಮಸ್ಕಾರ.

ಹೈಸ್ಕೂಲಿನ ಹಿಂದಿನ ಹಳೇ ಕೊಠಡಿಯಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿರುವ ಪುಟ್ಟ ವಸ್ತುಸಂಗ್ರಹಾಲಯ ನಿಮಗೆಲ್ಲ ಗೊತ್ತೇ ಇದೆ. ಬೀಜ ಬಿತ್ತುವ ಕೂರಿಗೆ, ಕಾಳು ಅಳೆಯುವ ಕೊಳಗ, ಬೀಸುವ ಕಲ್ಲು, ಒಂದಷ್ಟು ಓಲೆಗರಿ ಕಟ್ಟು, ಎಲ್ಲ ಊರವರೇ ಕೊಟ್ಟದ್ದು. ಈ ಸಲ ದೇಣಿಗೆ ಕೇಳುತ್ತಿರುವುದು ಗಾಜಿನ ಬೀರುವಿಗಲ್ಲ. ಮಕ್ಕಳಿಗೆ ಕಲಿಸುವುದಕ್ಕೆ.

ವಸ್ತು ಉಳಿದು ಅದನ್ನು ಬಲ್ಲವರೇ ಇಲ್ಲದಿದ್ದರೆ ಏನು ಬಂತು? ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಪಂಡಿತರೊಬ್ಬರು ಕೊಟ್ಟಿದ್ದ ಓಲೆಗರಿ ಕಟ್ಟನ್ನು 1905ರಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಓದಿ, ಇದು ರಾಜ್ಯಾಡಳಿತದ ಬಗ್ಗೆ ಇರುವ ಪ್ರಾಚೀನ ಸಂಸ್ಕೃತ ಕೃತಿ, ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಟ್ಟು ಇದ್ದದ್ದು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಅನ್ನೋ ಹಳೇ ಲಿಪಿಯಲ್ಲಿ. ಆ ಲಿಪಿ ಬಲ್ಲವರ ಕೈಗೆ ಸಿಕ್ಕಿದ್ದರಿಂದ ತಾನೇ ಅದು ನಮಗೆಲ್ಲ ದಕ್ಕಿದ್ದು?

ನಮ್ಮಲ್ಲಿ "ಮುಟ್ಟಬೇಡಿ" ಅನ್ನೋ ಬೋರ್ಡು ಇರುವುದು ಓಲೆಗರಿಗೆ ಮಾತ್ರ. ಶನಿವಾರ ಬರುವ ಮಕ್ಕಳು ಕೂರಿಗೆಯ ಬಟ್ಟಲಿಗೆ ರಾಗಿ ಸುರಿದು, ಅದು ಬಿದಿರಿನ ಕೊಳವೆಗಳಲ್ಲಿ ಹೇಗೆ ಇಳಿಯುತ್ತೆ ಅಂತ ಬಗ್ಗಿ ಬಗ್ಗಿ ನೋಡುತ್ತಾರೆ. ನಾಲ್ಕು ಪಾವಿಗೆ ಒಂದು ಸೇರು ಅನ್ನುವುದನ್ನು ತಾವೇ ಅಳೆದು ಕಂಡುಕೊಳ್ಳುತ್ತಾರೆ. ಕೆರೆ ಏರಿ ಮೇಲಿನ ವೀರಗಲ್ಲಿನ ಹತ್ತಿರವೂ ಕರೆದುಕೊಂಡು ಹೋಗುತ್ತೇವೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಇಷ್ಟು ಕಲಿತ ಮಗು ಯಾರಾದರೂ ಆ ಕಲ್ಲಿನ ಮೇಲೆ ಬಟ್ಟೆ ಒಗೆದರೆ ಸುಮ್ನೆ ಇರುವುದಿಲ್ಲ, ಅಲ್ವಾ? ಬೇಲಿಗಿಂತ ಇದೇ ಜಾಸ್ತಿ ಗಟ್ಟಿ ಕಾವಲು ಅಂತ ನಮ್ಮ ನಂಬಿಕೆ.

ಈಗ ಬೇಕಾಗಿರುವುದು ಹಳೇ ಲಿಪಿ ಕಲಿಸುವವರೊಬ್ಬರಿಗೆ ಗೌರವಧನ, ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಕರೆತರಲು ವ್ಯಾನ್ ಬಾಡಿಗೆ, ಓಲೆಗರಿಗೆ ಸವರುವ ಮಜ್ಜಿಗೆ ಹುಲ್ಲಿನ ಎಣ್ಣೆ, ಸುತ್ತಿಡಲು ಹತ್ತಿಬಟ್ಟೆ. ವ್ಯಾನ್ ಖರ್ಚೇ ದೊಡ್ಡದು. ಆದರೆ ಅದಿಲ್ಲದೆ ದೂರದ ಮಕ್ಕಳು ಬರುವ ಹಾಗೇ ಇಲ್ಲ.

ನೂರು ರೂಪಾಯಿ ಆದರೂ ಸರಿ, ಶಾಲೆಯ ಆಫೀಸಿನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಊರು ಬಿಟ್ಟು ದೂರ ಇರುವವರು ಆಫೀಸಿಗೆ ಫೋನ್ ಮಾಡಿದರೆ ಬ್ಯಾಂಕ್ ಖಾತೆ ವಿವರ ಕೊಡುತ್ತಾರೆ. ಇನ್ನೊಂದು ಮಾತು. ಅಟ್ಟದ ಮೇಲಿನ ಹಳೇ ಸಾಮಾನನ್ನು ದಯವಿಟ್ಟು ಗುಜರಿಗೆ ಹಾಕಬೇಡಿ, ನಮಗೆ ಕೊಡಿ. ಜೊತೆಗೆ ಅದನ್ನು ಯಾರು ಬಳಸುತ್ತಿದ್ದರು, ಹೇಗೆ ಬಳಸುತ್ತಿದ್ದರು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಮಕ್ಕಳು ಮೊದಲು ಕೇಳುವುದೇ ಅದನ್ನು.